ಜನ್ನನ ಹಿಟ್ಟಿನ ಕೋಳಿ ಮತ್ತು ಬಂಡೂರಿನ ಕುರಿ

ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಕವಿಚಕ್ರವರ್ತಿ ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯನ್ನು ಕುರಿತು ಕಳೆದ ಶತಮಾನದಲ್ಲಿ ಬಂದ ವಿಮರ್ಶೆಯ ಬಹುಭಾಗ ಅಮೃತಮತಿಯ ಸುತ್ತಲೇ ಸುಳಿದಿದೆ. ಅರಸನ ಮಡದಿ ಕುರೂಪಿಯಾದ ಮಾವುತ ಅಷ್ಟಾವಂಕನಿಗೆ ಏಕೆ ಮನಸೋತಳು, ಅವನ ದನಿಯ ಇಂಪಿಗೋ, ವಿಧಿವಿಲಾಸಕ್ಕೋ, ಕಾಮದ ಕುರುಡಿಗೋ ಎಂಬ ಚರ್ಚೆ ಕಾಲೇಜಿನ ತರಗತಿಗಳಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಆ ಭಾಗದ ಕಾವ್ಯಗುಣ ಅಂಥದು, ಆಕ್ಷೇಪಿಸಲು ಕಾರಣವಿಲ್ಲ. ಆದರೆ ಅದೊಂದನ್ನೇ ಕಾವ್ಯದ ತಿರುಳೆಂದು ಹಿಡಿದು, ಮುಂದೆ ಬರುವ ಭವಾವಳಿಯನ್ನು ಮತಪ್ರಚಾರದ ಬಾಲಂಗೋಚಿ ಎಂಬಂತೆ ದಾಟಿ ಹೋಗುವುದು ನ್ಯಾಯವಲ್ಲ. ನಾಲ್ಕು ಅವತಾರಗಳ ಈ ಕಿರುಕಾವ್ಯವು ಆರಂಭವಾಗುವುದೂ ಮುಗಿಯುವುದೂ ಅಂತಃಪುರದಲ್ಲಲ್ಲ, ಚಂಡಮಾರಿಯ ಗುಡಿಯ ಮುಂದೆ. ವಸಂತದ ಜಾತ್ರೆ, ಜೋಡಿ ಜೋಡಿಯಾಗಿ ತಂದು ಕಟ್ಟಿದ ಪ್ರಾಣಿಗಳು, ಅವುಗಳ ನಡುವೆ ಬಲಿಗೆಂದು ಹಿಡಿದು ತಂದ ಇಬ್ಬರು ಎಳೆಯರು. ಆ ಎಳೆಯರು ಹೇಳುವ ಕಥೆಯೇ ಕಾವ್ಯ. ಅಮೃತಮತಿ ಆ ಕಥೆಯೊಳಗಿನ ಒಂದು ಕಾರಣ ಮಾತ್ರ.

ಭವಾವಳಿಯಲ್ಲಿ ಜನ್ನನು ಮಾಡಿರುವುದೇನೆಂಬುದನ್ನು ಸಾವಧಾನವಾಗಿ ನೋಡಬೇಕು. ದುಃಸ್ವಪ್ನದ ನೆವ ಹೇಳಿದ ಮಗನಿಗೆ ತಾಯಿ ಚಂದ್ರಮತಿ ಜೀವಬಲಿಯನ್ನು ಸೂಚಿಸುತ್ತಾಳೆ, ಯಶೋಧರನು ಒಪ್ಪುವುದಿಲ್ಲ, ಕಡೆಗೆ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಗೆ ಒಡಂಬಡುತ್ತಾನೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಅಲ್ಲಿಂದ ಮುಂದೆ ತಾಯಿಮಕ್ಕಳು ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಈ ಜನ್ಮಗಳಲ್ಲಿ ಓದುಗನ ಎದೆಯನ್ನು ಹಿಂಡುವುದು ಅಡುಗೆಮನೆಗೆ ಹೋಗುವ ಜನ್ಮಗಳು. ಮಗ ಯಶೋಮತಿಯು ತಂದೆಯ ಸದ್ಗತಿಗಾಗಿ ಶ್ರಾದ್ಧ ಮಾಡಿಸುತ್ತಾನೆ. ಆ ಶ್ರಾದ್ಧದ ಅಡುಗೆಗೆ ಬಲಿಯಾಗುವುದು ತಂದೆಯ ಜೀವವೇ. ಮಗನಿಗೆ ಗೊತ್ತಿಲ್ಲ, ಬಾಣಸಿಗನಿಗೆ ಗೊತ್ತಿಲ್ಲ, ಉಂಡವರಿಗೆ ಗೊತ್ತಿಲ್ಲ. ಒಲೆಯ ಮುಂದಿನ ಪ್ರಾಣಿಯ ಒಳಗಿರುವವನು ಯಾರೆಂದು ಬಲ್ಲವರು ಕಥೆ ಕೇಳುವವರು ಮಾತ್ರ. ಕೊಲ್ಲುವವನ ಕಣ್ಣಿನಿಂದ ನೋಡುತ್ತಿದ್ದ ಓದುಗನನ್ನು ಹೀಗೆ ಕೊಲ್ಲಿಸಿಕೊಳ್ಳುವ ಜೀವದ ಕಣ್ಣಿಗೆ ತಂದು ನಿಲ್ಲಿಸುವುದು ಸಾಮಾನ್ಯ ಕವಿಯ ಕೆಲಸವಲ್ಲ. ಪುನರ್ಜನ್ಮವನ್ನು ನಂಬದ ವಿಮರ್ಶಕನೂ ಈ ದೃಷ್ಟಿಪಲ್ಲಟವನ್ನು ಕಾವ್ಯತಂತ್ರವೆಂದಾದರೂ ಗಮನಿಸಬೇಕಿತ್ತು.

ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕವು ಇದೇ ಕಥೆಯನ್ನು ಎತ್ತಿಕೊಂಡು ಸಂಕಲ್ಪಹಿಂಸೆಯ ಪ್ರಶ್ನೆಯನ್ನು ಹರಿತವಾಗಿ ಮುಂದಿಟ್ಟಿತು. ಇಂಗಿತದಲ್ಲಿ ಕೊಂದವನು ಕೊಂದವನೇ ಅಲ್ಲವೇ ಎಂಬ ಮಾತು ಅಲ್ಲಿ ದಾಂಪತ್ಯದ ಒಳಗಿನ ಮಾತಾಗುತ್ತದೆ. ಆದರೆ ನಾಟಕವು ಭವಾವಳಿಯನ್ನು ಕೈಬಿಟ್ಟಿತು; ಅದರೊಂದಿಗೆ ಪ್ರಾಣಿಗಳೂ ಕೈಬಿಟ್ಟುಹೋದವು. ಉಳಿದದ್ದು ನಾಲ್ವರು ಮನುಷ್ಯರ ಮನಸ್ಸಾಕ್ಷಿಯ ಕದನ. ರಂಗಭೂಮಿಗೆ ಅದು ಸಾಕು, ಅಹಿಂಸೆಗೆ ಸಾಲದು. ಕೊಲೆಯ ಪ್ರಶ್ನೆಯು ಕೊಲ್ಲುವವನ ಆತ್ಮಶುದ್ಧಿಯ ಪ್ರಶ್ನೆಯಾಗಿ ಮಾತ್ರ ಉಳಿದಾಗ ಸಾಯುವ ಜೀವವು ನಿಮಿತ್ತಮಾತ್ರವಾಗುತ್ತದೆ. ಈ ದೋಷವನ್ನು ನಾಟಕಕಾರರ ಮೇಲೆ ಹೊರಿಸುವ ಮೊದಲು ಜೈನ ಸಮಾಜವು ತನ್ನ ಕಡೆಗೂ ಒಮ್ಮೆ ನೋಡಿಕೊಳ್ಳುವುದು ಲೇಸು.

ಜನ್ನನ ಜಾತ್ರೆಯನ್ನು ಓದಿದವರು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಗೆ ಹೋದರೆ ಆ ಕಾವ್ಯವನ್ನು ಮತ್ತೊಮ್ಮೆ ಓದಬೇಕೆನಿಸುತ್ತದೆ. ಕಾವೇರಿ ವನ್ಯಜೀವಿಧಾಮದ ನಡುವೆ, ಹೊಳೆಯ ದಡದಲ್ಲಿ ಆಂಜನೇಯನು ಮುತ್ತತ್ತಿರಾಯನಾಗಿ ನೆಲಸಿದ್ದಾನೆ. ಸೀತಾದೇವಿಯ ಮೂಗುತಿಯ ಮುತ್ತು ನೀರಿಗೆ ಬಿದ್ದಾಗ ಹನುಮಂತನು ಅದನ್ನು ಹುಡುಕಿ ತೆಗೆದನೆಂಬುದು ಸ್ಥಳಪುರಾಣ. ಸುತ್ತಣ ಹಳ್ಳಿಗಳಿಂದಲೂ ಬೆಂಗಳೂರಿನಿಂದಲೂ ಬರುವ ಭಕ್ತರು ಹೊಳೆಯಲ್ಲಿ ಮಿಂದು, ರಾಯನಿಗೆ ಹಣ್ಣುಕಾಯಿ ಮಾಡಿಸಿ, ಅನಂತರ ದಡದ ಮರದ ನೆರಳಿನಲ್ಲಿ ಒಲೆ ಹೂಡುತ್ತಾರೆ. ದೇವರಿಗೆ ಸಲ್ಲುವುದು ಹಣ್ಣುಕಾಯಿ. ಒಲೆಯ ಮೇಲೆ ಬೇಯುವುದು ಬಾಡು. ಇಲ್ಲಿ ಬಲಿಯನ್ನು ಬೇಡುವ ದೇವತೆಯೇ ಇಲ್ಲ. ಊಟದ ಸಂತೋಷಕ್ಕೆ ಕುರಿ ಬೇಕು, ಅಷ್ಟೇ.

ಆ ಕುರಿ ಎಂಥದು? ಇದೇ ಮಳವಳ್ಳಿ ತಾಲ್ಲೂಕಿನಲ್ಲಿ ಬಂಡೂರು ಎಂಬ ಹಳ್ಳಿಯಿದೆ. ಮಂಡ್ಯ ಕುರಿ, ಬನ್ನೂರು ಕುರಿ ಎಂದು ಹೊರಗೆ ಹೆಸರಾದ ತಳಿಯ ಮೂಲ ಈ ಬಂಡೂರಿನ ಸೀಮೆ. ಗಿಡ್ಡ ಕಾಲು, ಅಗಲವಾದ ಎದೆ, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಲಾಳದಂತೆ ಕಾಣುವ ತುಂಬಿದ ತೊಡೆಗಳು. ಉಣ್ಣೆ ಕಡಿಮೆ, ಅದೂ ಒರಟು. ಮಾಂಸದ ಮೃದುತ್ವಕ್ಕಾಗಿ ತಲೆಮಾರುಗಳಿಂದ ಆರಿಸಿ ಆರಿಸಿ ಬೆಳೆಸಿದ ಜಾತಿ ಇದು. ಇದೇ ತಾಲ್ಲೂಕಿನ ಧನಗೂರಿನಲ್ಲಿ ಈ ತಳಿಯ ಸಂವರ್ಧನೆಗಾಗಿ ಸರ್ಕಾರದ ಕ್ಷೇತ್ರವೂ ಇದೆ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿದ್ದ ಕುರಿಗಳು ಸುಮಾರು 1 ಕೋಟಿ 11 ಲಕ್ಷ. ತೆಲಂಗಾಣ, ಆಂಧ್ರಪ್ರದೇಶಗಳ ಬಳಿಕ ದೇಶದಲ್ಲಿ ಮೂರನೆಯ ಸ್ಥಾನ. ಹಸುವಿನ ಪಾಲಿಗೆ ಹಾಲಿದೆ, ಎತ್ತಿನ ಪಾಲಿಗೆ ನೇಗಿಲಿತ್ತು. ಬಂಡೂರು ಕುರಿಗೆ ಬದುಕಿರುವಾಗ ಇರುವ ಬೆಲೆ ಎಂದರೆ ಅದರ ಗೊಬ್ಬರ, ಹೊಲದಲ್ಲಿ ಮಂದೆ ನಿಲ್ಲಿಸಿದ ರಾತ್ರಿಗಳ ಬಾಡಿಗೆ. ಮಿಕ್ಕ ಬೆಲೆಯೆಲ್ಲ ಸತ್ತ ಮೇಲೆ.

ಕಾನೂನು ಈ ಜೀವದ ಸುತ್ತ ಹಾಕಿರುವ ಬೇಲಿಯನ್ನು ನೋಡಿದರೆ ಹಿಟ್ಟಿನ ಕೋಳಿಯ ನೆನಪಾಗದಿರದು. ಕರ್ನಾಟಕದ 1959ರ ಪ್ರಾಣಿಬಲಿ ತಡೆ ಅಧಿನಿಯಮವು ಗುಡಿಯಲ್ಲೂ ಅದರ ಆವರಣದಲ್ಲೂ ಬಲಿಯನ್ನು ನಿಷೇಧಿಸಿತು. ಅದಕ್ಕಾಗಿ ಹೋರಾಡಿದವರ ಶ್ರಮ ಸ್ಮರಣೀಯ. ಆದರೆ ಆ ಕಾನೂನಿನ ಗುರಿ ಬಲಿ, ಕೊಲೆಯಲ್ಲ. ಆವರಣದ ಗೆರೆಯಾಚೆ ಅದೇ ಕುರಿ, ಅದೇ ಕತ್ತಿ. ಕೇಂದ್ರದ 1960ರ ಪ್ರಾಣಿಹಿಂಸೆ ತಡೆ ಅಧಿನಿಯಮವು ತನ್ನ 28ನೆಯ ಕಲಮಿನಲ್ಲಿ ಮತಧರ್ಮದ ವಿಧಿಯಂತೆ ನಡೆಯುವ ವಧೆಯನ್ನು ಅಪರಾಧದಿಂದ ಹೊರಗಿಟ್ಟಿದೆ. 2020ರ ಗೋಹತ್ಯೆ ನಿಷೇಧ ಶಾಸನಕ್ಕೆ ಕುರಿ ಸಂಬಂಧಿಸಿಲ್ಲ. ಕುರಿಯ ಪಾಲಿಗೆ ಸ್ವಲ್ಪವಾದರೂ ಉಪಯುಕ್ತವಾದದ್ದು 2001ರ ಕಸಾಯಿಖಾನೆ ನಿಯಮಾವಳಿ: ಗಬ್ಬದ ಪ್ರಾಣಿಯನ್ನೂ, ಮೂರು ತಿಂಗಳೊಳಗಿನ ಮರಿಯನ್ನೂ, ಅಂಥ ಮರಿಯುಳ್ಳ ತಾಯಿಯನ್ನೂ ಕೊಲ್ಲಕೂಡದು, ಒಂದರ ಕಣ್ಣೆದುರು ಇನ್ನೊಂದನ್ನು ಕೊಲ್ಲಕೂಡದು, ಪಶುವೈದ್ಯರ ಪ್ರಮಾಣಪತ್ರ ಬೇಕು. ಹೊಸತೊಡಕಿನ ಬೆಳಗಿನಲ್ಲಿ ರಸ್ತೆಯ ಬದಿಯ ಕಂಬಗಳಿಗೆ ನೇತುಹಾಕಿದ ಮಾಂಸದ ಸಾಲನ್ನು ಕಂಡವರು ಈ ನಿಯಮಗಳ ಪಾಲನೆಯನ್ನು ತಾವೇ ಊಹಿಸಿಕೊಳ್ಳಬಹುದು. ಯುಗಾದಿಯ ಮರುದಿನ ಹೊಸತೊಡಕು. ಅಲ್ಲಿಂದ ಹತ್ತು ಹನ್ನೊಂದು ದಿನಕ್ಕೆ ಚೈತ್ರ ಶುದ್ಧ ತ್ರಯೋದಶಿ, ವರ್ಧಮಾನ ಸ್ವಾಮಿಯ ಜನ್ಮಕಲ್ಯಾಣ. ಒಂದೇ ಪಕ್ಷದಲ್ಲಿ ಎರಡೂ ಬರುತ್ತವೆ.

ಜನ್ಮಕಲ್ಯಾಣದ ದಿನ ಜೈನ ಸಮಾಜವು ಮಾಡುವುದೇನು? ಬೆಂಗಳೂರಿನಲ್ಲಿ ಆ ದಿನ ಮಾಂಸದ ಮಾರಾಟವನ್ನು ನಿಲ್ಲಿಸುವ ಆಜ್ಞೆ ಹೊರಡುತ್ತದೆ, ಸಮಾಜವು ಸಂತೋಷಪಡುತ್ತದೆ. ಕೆಲವೆಡೆ ಸಂತೆಗೆ ಹೋಗಿ ಕುರಿಗಳನ್ನು ಕೊಂಡು, ಹಾರ ಹಾಕಿ, ಭಾವಚಿತ್ರ ತೆಗೆಸಿ, ಜೀವದಾನವೆಂದು ಬಿಡುವುದುಂಟು. ಇವುಗಳ ಹಿಂದಿರುವ ಕರುಣೆಯನ್ನು ಹಗುರವಾಗಿ ಕಾಣಬಾರದು. ಉಳಿದ ಕುರಿಗೆ ತನ್ನ ಜೀವವು ಪೂರ್ಣ ಸತ್ಯ. ಆದರೂ ವ್ಯಾಪಾರ ಬಲ್ಲ ಸಮಾಜವೊಂದು ಈ ವ್ಯವಹಾರದ ಖಾತೆಯನ್ನು ಬರೆದು ನೋಡದಿರುವುದು ಆಶ್ಚರ್ಯ. ಸಂತೆಗೆ ನೂರು ಟಗರು ಬಂದಿವೆ ಎನ್ನೋಣ. ಕಟುಕರಿಗೆ ಬೇಕಾದದ್ದೂ ನೂರು. ಧರ್ಮಾತ್ಮರು ಬಂದು ಹತ್ತನ್ನು ಕೇಳಿದ ಬೆಲೆಗೆ ಕೊಂಡರು. ಬೆಲೆ ಏರಿತು. ಕಟುಕನ ಗಿರಾಕಿಗಳಲ್ಲಿ ಒಂದಿಬ್ಬರು ಹಿಂದೆಗೆದರು. ಉಳಿದವರಿಗಾಗಿ ದಲ್ಲಾಳಿಯು ಬೇರೆ ಹಳ್ಳಿಯಿಂದ ಇನ್ನಷ್ಟು ತರಿಸಿದ. ಮುಂದಿನ ವರ್ಷವೂ ಇವರು ಬರುವರೆಂದು ತಿಳಿದವನು ಅವರಿಗಾಗಿಯೇ ಹತ್ತು ಹೆಚ್ಚು ಹಿಡಿದಿಟ್ಟ. ಕುರಿಯ ಗರ್ಭಕಾಲ ಐದು ತಿಂಗಳು; ಗಿರಾಕಿ ಖಚಿತವಾದರೆ ಸರಕು ತಡವಾಗುವುದಿಲ್ಲ. ಕೊಂಡವನ ಹಣವು ಕರುಣೆಯಿಂದ ಬಂತೋ ಹಸಿವಿನಿಂದ ಬಂತೋ ಎಂದು ಸಂತೆಯು ಕೇಳುವುದಿಲ್ಲ. ಒಂದು ದಿನದ ನಿಷೇಧದ ಲೆಕ್ಕವೂ ಬಹುತೇಕ ಇದೇ. ಮರುದಿನ ಬೇಕಾದದ್ದನ್ನು ಹಿಂದಿನ ಸಂಜೆಯೇ ಕೊಂಡು ಶೀತಪೆಟ್ಟಿಗೆಯಲ್ಲಿಡುವ ಕಾಲ ಇದು.

ಜನ್ನನ ಹಿಟ್ಟಿನ ಕೋಳಿಯಲ್ಲಿ ಪ್ರಾಣಿ ಹುಸಿ, ಹಿಂಸೆ ದಿಟ. ಸಂತೆಯ ಈ ಜೀವದಾನದಲ್ಲಿ ಪ್ರಾಣಿ ದಿಟ, ಬಿಡುಗಡೆ ಹುಸಿಯಾಗುವ ಭಯ. ಎರಡನ್ನೂ ಸಮವೆಂದು ತೂಗುವುದು ತಪ್ಪು. ಅಲ್ಲಿನ ಸಂಕಲ್ಪ ಕೊಲ್ಲುವುದು, ಇಲ್ಲಿನದು ಉಳಿಸುವುದು. ಆದರೆ ಯಶೋಧರನ ನಿಜವಾದ ದೌರ್ಬಲ್ಯ ಕ್ರೌರ್ಯವಲ್ಲ. ತಾಯಿಯ ಮಾತೂ ಉಳಿಯಲಿ, ತನ್ನ ವ್ರತವೂ ಉಳಿಯಲಿ ಎಂಬ ಸಮಾಧಾನದ ಹಾದಿಯನ್ನು ಹುಡುಕಿದ್ದು. ಆ ದೌರ್ಬಲ್ಯವು ಉಜ್ಜಯಿನಿಯ ಅರಮನೆಯಲ್ಲಿ ಮಾತ್ರ ಇತ್ತೆನ್ನುವಂತಿಲ್ಲ.

ಶ್ರಾವಕಾಚಾರದ ಗ್ರಂಥಗಳು ಈ ವಿಷಯದಲ್ಲಿ ಕಾವ್ಯಕ್ಕಿಂತ ನಿಷ್ಠುರ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೇರುವುದು, ಮೇವು ನೀರು ತಡೆಯುವುದು. ಎರಡಂತಸ್ತು ಮಾಡಿದ ಲಾರಿಯಲ್ಲಿ ಒಂದರ ಮೇಲೊಂದು ಬಿದ್ದು ರಾತ್ರಿಯಿಡೀ ನೀರಿಲ್ಲದೆ ಸಾಗುವ ಕುರಿಗಳನ್ನು ನೆನೆದರೆ ಈ ಪಟ್ಟಿಯಲ್ಲಿ ಬಿಟ್ಟುಹೋದದ್ದು ಏನೂ ಇಲ್ಲ. ಕತ್ತಿ ಬೀಳುವುದಕ್ಕೆ ಮುಂಚೆಯೇ ವ್ರತಭಂಗವು ಆಗಿಹೋಗಿರುತ್ತದೆ. ಕೃತ, ಕಾರಿತ, ಅನುಮೋದನೆ ಎಂಬ ವಿಂಗಡಣೆಯನ್ನು ಬಲ್ಲ ಮನೆತನಗಳು ಆ ಲಾರಿಗೆ ಸಾಲ ಕೊಟ್ಟವರು ಯಾರು, ಚರ್ಮದ ಮಂಡಿಯಲ್ಲಿ ಪಾಲು ಯಾರದು, ದೇವಾಲಯಕ್ಕೆ ಬಂದ ಕಾಣಿಕೆಯು ಯಾವ ದಂಧೆಯಿಂದ ಬಂತು ಎಂದು ಕೇಳಿಕೊಳ್ಳುವುದು ಅಪರೂಪ. ಸಂಕಲ್ಪೀ ಹಿಂಸೆಯನ್ನು ತ್ಯಜಿಸಿದ ಗೃಹಸ್ಥನಿಗೆ ಉದ್ಯೋಗೀ ಹಿಂಸೆಯಲ್ಲಿ ಅಲ್ಪ ವಿನಾಯಿತಿ ಇದೆ, ನಿಜ. ಕೊಲ್ಲುವುದಕ್ಕಾಗಿಯೇ ಬೆಳೆಸುವ ಪ್ರಾಣಿಯ ವ್ಯವಹಾರವು ಆ ವಿನಾಯಿತಿಯೊಳಗೆ ಬರುವುದಿಲ್ಲ. ಅದು ನೇರ ಸಂಕಲ್ಪವೇ.

ಇನ್ನು ಸಾಕುವವರ ಮಾತು. ಜನ್ನನ ಜಾತ್ರೆಗೆ ಪ್ರಾಣಿಗಳು ಅರಸನ ಅಪ್ಪಣೆಯಿಂದ ಬರುತ್ತವೆ. ಅವುಗಳನ್ನು ಮೇಯಿಸಿದವರ ಕಡೆಗೆ ಕವಿಯ ಗಮನ ಹರಿಯುವುದಿಲ್ಲ. ಕಾವ್ಯದ ಕೊರತೆಯೊಂದನ್ನು ಹೇಳಲೇಬೇಕೆಂದರೆ ಇದನ್ನು ಹೇಳಬಹುದು. ಮಳವಳ್ಳಿ, ಮದ್ದೂರು ಸೀಮೆಯಲ್ಲಿ ಎರಡು ಮೂರು ಮರಿ ಸಾಕುವವಳು ಮಳೆ ಕೈಕೊಟ್ಟ ವರ್ಷ ಅವುಗಳನ್ನು ಮಾರಿ ಮಕ್ಕಳ ಶಾಲೆಯ ಶುಲ್ಕ ಕಟ್ಟುತ್ತಾಳೆ. ಅವಳೇ ಆ ಮರಿಗೆ ಹೆಸರಿಟ್ಟು, ಸೊಪ್ಪು ತಂದು ಹಾಕಿ, ಚಳಿಗೆ ಜಗಲಿಯ ಮೇಲೆ ಮಲಗಿಸಿಕೊಂಡವಳು. ಅವಳನ್ನು ಪಾಪಿಯೆಂದು ಕರೆಯುವ ಅಹಿಂಸೆ ನೆಲದ ಮೇಲೆ ನಿಲ್ಲುವುದಿಲ್ಲ. ಅವಳಿಗೆ ಬೇರೆ ಆದಾಯವೊಂದು ದೊರೆಯುವ ತನಕ ಅವಳ ಅಂಗಳದ ಮರಿ ಸಂತೆಯ ದಾರಿಯಲ್ಲೇ ಇರುತ್ತದೆ. ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಬೆಟ್ಟದಲ್ಲಿ ಬಾಹುಬಲಿ ನಿಂತಿದ್ದಾನೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಬಸದಿಗಳಿವೆ. ಜೀರ್ಣೋದ್ಧಾರಕ್ಕೆ ಹಣ ಕೂಡಿಸಬಲ್ಲ ಸಮಾಜಕ್ಕೆ ಆ ಬೆಟ್ಟಗಳ ತಪ್ಪಲಿನ ಹತ್ತು ಮನೆಗಳಿಗೆ ಹಸುವನ್ನೋ ಹೊಲಿಗೆಯಂತ್ರವನ್ನೋ ಬಡ್ಡಿಯಿಲ್ಲದ ಬಂಡವಾಳವನ್ನೋ ಕೊಡುವುದು ಅಸಾಧ್ಯವೇನಲ್ಲ. ಸಂತೆಯಲ್ಲಿ ಹತ್ತು ಟಗರಿಗೆ ಸುರಿಯುವ ಹಣವು ಇಲ್ಲಿ ಮರಿಗಳ ಹುಟ್ಟನ್ನೇ ಕಡಿಮೆ ಮಾಡುತ್ತದೆ. ಹುಟ್ಟದ ಕುರಿಗೆ ಹಾರ ಹಾಕಲಾಗದು, ಭಾವಚಿತ್ರವೂ ಬರುವುದಿಲ್ಲ. ಟ್ರಸ್ಟುಗಳಿಗೆ ಇದು ರುಚಿಸದಿರಲು ಅದೂ ಒಂದು ಕಾರಣವಿರಬಹುದು.

ಕೊಂಡು ಉಳಿಸುವುದನ್ನು ಬಿಡಲಾಗದ ಸಂದರ್ಭಗಳೂ ಇವೆ. ಪೊಲೀಸರು ತಡೆದ ಲಾರಿಯ ಕುರಿಗಳು, ಹರಕೆಯಿಂದ ಮನಸ್ಸು ಹಿಂದೆಗೆದ ಮನೆಯ ಕುರಿ, ಇವು ಎಲ್ಲಿಗಾದರೂ ಹೋಗಬೇಕು. ಅವುಗಳನ್ನು ಗೋಶಾಲೆಯ ಮೂಲೆಗೆ ತಳ್ಳಿದರೆ ದೊಡ್ಡ ದನಗಳ ತುಳಿತಕ್ಕೆ ಸಿಕ್ಕುತ್ತವೆ. ಒದ್ದೆ ನೆಲದಲ್ಲಿ ಗೊರಸು ಕೊಳೆಯುತ್ತದೆ. ಕುರಿಯ ಆಯುಸ್ಸು ಹತ್ತು ಹನ್ನೆರಡು ವರ್ಷ. ಅಷ್ಟು ಕಾಲವೂ ಒಣ ನೆಲದ ಕೊಟ್ಟಿಗೆ, ಜಂತುಹುಳುವಿನ ಔಷಧಿ, ಕರುಳುಬೇನೆಗೂ ನೀಲಿನಾಲಿಗೆಗೂ ಲಸಿಕೆ, ಹೆಣ್ಣು ಗಂಡುಗಳನ್ನು ಬೇರೆ ಇಡುವ ವ್ಯವಸ್ಥೆ, ಬೇಸಗೆಯ ಮೇವು ಬೇಕು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವನ್ನು ನಾಲ್ಕಾಗಿ ಎಣಿಸುವವರು ಕುರಿಯ ವಿಷಯದಲ್ಲಿ ಅಭಯವೊಂದನ್ನೇ ಕೊಟ್ಟು ಆಹಾರ ಔಷಧಗಳನ್ನು ಮರೆತರೆ ಅಭಯವೂ ಆರು ತಿಂಗಳಲ್ಲಿ ತೀರಿಹೋಗುತ್ತದೆ. ಒಂದು ಕುರಿಯನ್ನು ಬಿಡಿಸುವ ಮುನ್ನ ಅದರ ಹತ್ತು ವರ್ಷದ ಮೇವಿಗೆ ಬೇಕಾದ ಮೂಲಧನವನ್ನು ಬ್ಯಾಂಕಿನಲ್ಲಿಡುವ ನಿಯಮವನ್ನು ಟ್ರಸ್ಟುಗಳು ಮಾಡಿಕೊಂಡರೆ ಬಿಡಿಸುವ ಕುರಿಗಳ ಸಂಖ್ಯೆ ಇಳಿಯುವುದು ಖಂಡಿತ.

'ಯಶೋಧರ ಚರಿತೆ'ಯ ಕೊನೆಯಲ್ಲಿ ಚಂಡಮಾರಿಯೇ ಪ್ರತ್ಯಕ್ಷಳಾಗಿ, ಇನ್ನು ಮುಂದೆ ತನಗೆ ಗಂಧಾಕ್ಷತೆ ಕುಸುಮಗಳು ಸಾಕೆನ್ನುತ್ತಾಳೆ, ಮಾರಿದತ್ತನು ವಿರಕ್ತನಾಗುತ್ತಾನೆ. ಕಾವ್ಯದ ಲಕ್ಷ್ಯವೆಲ್ಲ ಅವನ ದೀಕ್ಷೆಯ ಕಡೆಗೆ. ಗುಡಿಯ ಮುಂದೆ ಜೋಡಿ ಜೋಡಿಯಾಗಿ ಕಟ್ಟಿದ್ದ ಪ್ರಾಣಿಗಳಿಗೆ ಮರುದಿನ ಮೇವು ಹಾಕುವವರು ಯಾರೆಂಬುದು ಜನ್ನನ ಪ್ರಶ್ನೆಯಾಗಿರಲಿಲ್ಲ. ಪಠ್ಯಕ್ಕಾಗಿ ಈ ಕಾವ್ಯದಿಂದ ಭಾಗಗಳನ್ನು ಆರಿಸುವವರು ಅಮೃತಮತಿಯ ಪ್ರಸಂಗದ ಜೊತೆಗೆ ಈ ಕೊನೆಯ ಅವತಾರವನ್ನೂ, ಶ್ರಾದ್ಧದ ಅಡುಗೆಮನೆಯನ್ನೂ ಸೇರಿಸಿದರೆ ಆ ಪ್ರಶ್ನೆಯನ್ನು ತರಗತಿಯ ಹುಡುಗರೇ ಕೇಳಿಯಾರು.