ಕುಂಚಿಗೆಗೆ ಎಷ್ಟು ಚಮಕಿ ಬೇಕು?

ಖಣಕ್ಕೆ ತನ್ನದೇ ಬೆಳಕಿದೆ. ಗುಳೇದಗುಡ್ಡದ ಮಗ್ಗದಲ್ಲಿ ಹಾಸಿಗೆ ಹೆಚ್ಚಿನ ಎಳೆ ಸೇರಿಸಿ ಎಬ್ಬಿಸುವ ತೇರು, ಆನೆ ಹೆಜ್ಜೆ, ಸೂರ್ಯನಾರಾಯಣ ಬಟ್ಟೆಯ ತುಂಬ ಸಾಲುಗಟ್ಟಿ ನಿಲ್ಲುತ್ತವೆ. ಹಾಸಿಗೊಂದು ಹೊಕ್ಕಿಗೊಂದು ಬಣ್ಣ ಇದ್ದರಂತೂ ಬಟ್ಟೆ ಹೊರಳಿದ ಹಾಗೆಲ್ಲ ಮೈಬಣ್ಣ ಬದಲಾಗುತ್ತದೆ. ಇಂಥ ಬಟ್ಟೆಯನ್ನು ಮುಂದಿಟ್ಟುಕೊಂಡು ಸೂಜಿ ಹಿಡಿದವರು ಮೊದಲು ಕೇಳಿಕೊಳ್ಳಬೇಕಾದದ್ದು, ಇದಕ್ಕೆ ಚಮಕಿ ಬೇಕೇ ಎಂದು. ಯಾವ ಬಣ್ಣ, ಎಷ್ಟು ದೊಡ್ಡದು ಎಂಬುದೆಲ್ಲ ಆಮೇಲಿನ ಮಾತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಈಚೆಗೆ ಹೊಲಿದ ಕುಂಚಿಗೆ, ಕುಪ್ಪಸ, ಬಾಗಿಲ ತೋರಣಗಳನ್ನು ನೋಡುವಾಗ ಆ ಮೊದಲ ಪ್ರಶ್ನೆಯೇ ಬಿಟ್ಟುಹೋಗುತ್ತಿದೆ ಎಂದು ನನಗೆ ಅನಿಸುತ್ತದೆ.

ಕುಂಚಿಗೆಯನ್ನೇ ತೆಗೆದುಕೊಳ್ಳಿ. ಕೂಸಿನ ತಲೆ ಮುಚ್ಚಿ, ಬೆನ್ನ ಮೇಲೆ ಇಳಿದು, ತೊಡೆಯ ಮೇಲೆ ಹರಡಿಕೊಳ್ಳುವ ಬಟ್ಟೆ ಅದು. ತೊಟ್ಟಿಲ ಕಾರ್ಯಕ್ಕೆ ತವರಿನವರು ಅಕ್ಕರೆಯಿಂದ ತರುವಂಥದ್ದು. ಖಣದ ತುಂಡುಗಳನ್ನು ಮೂಲೆಗೆ ಮೂಲೆ ಕೂಡಿಸಿ, ಒಳಗೆ ಮೆತ್ತನೆಯ ಹತ್ತಿ ಬಟ್ಟೆ ಕೊಟ್ಟು, ಅಂಚಿಗೆ ಗೊಂಡೆ ಕಟ್ಟಿ ಹೊಲಿಯುತ್ತಾರೆ. ಒಳ್ಳೆಯ ಹಳೆಯ ಕುಂಚಿಗೆಯಲ್ಲಿ ಚಮಕಿ ಎಲ್ಲಿದೆ ಎಂದು ನೋಡಿ. ಎರಡು ತುಂಡು ಕೂಡುವ ಗೆರೆಯ ಮೇಲೆ ಇರುತ್ತದೆ, ಬೆನ್ನ ಕಡೆಯ ಅಂಚಿನಲ್ಲಿ ಇರುತ್ತದೆ, ನೆತ್ತಿಯ ಹಿಂದೆ ಒಂದು ಹೂವಾಗಿ ಇರುತ್ತದೆ. ಕೂಸಿನ ಕೆನ್ನೆ, ಕುತ್ತಿಗೆ, ಬಾಯಿ ತಾಗುವ ಕಡೆ ಒಂದೂ ಇರುವುದಿಲ್ಲ. ಎತ್ತಿಕೊಂಡವರ ಹೆಗಲ ಮೇಲಿಂದ ಹಿಂದೆ ನಿಂತವರಿಗೆ ಕಾಣುವ ಭಾಗಕ್ಕೆ ಮಾತ್ರ ಹೊಳಪು. ಇದು ನೋಡುವವರ ಕಣ್ಣನ್ನೂ ತೊಡುವ ಕೂಸಿನ ಮೈಯನ್ನೂ ಒಟ್ಟಿಗೆ ನೆನಪಿಟ್ಟುಕೊಂಡ ಹೊಲಿಗೆ. ನನಗೆ ತಿಳಿದ ಮಟ್ಟಿಗೆ ಚಮಕಿಯ ಇದಕ್ಕಿಂತ ಹದವಾದ ಬಳಕೆ ನಮ್ಮ ಕಡೆ ಇನ್ನೊಂದಿಲ್ಲ.

ಈಗ ಸಿದ್ಧವಾಗಿ ಸಿಗುವ ಅನೇಕ ಕುಂಚಿಗೆಗಳಲ್ಲಿ ಮುಖದ ಸುತ್ತಲೇ ಚಮಕಿಪಟ್ಟಿ ಓಡುತ್ತದೆ. ಫೋಟೋದಲ್ಲಿ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ಆದರೆ ಕತ್ತರಿಸಿದ ಪ್ಲಾಸ್ಟಿಕ್ಕಿನ ಅಂಚು ಎಳೆಯ ಚರ್ಮವನ್ನು ಗೀರುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಒಯ್ಯುವ ವಯಸ್ಸು ಅದು. ಸಡಿಲಾದ ಒಂದು ಚಮಕಿ ಗಂಟಲಿಗೆ ಹೋದರೆ ಸಾಕು. ಅಂಟು ಹಾಕಿ ಅಂಟಿಸಿದ್ದಾದರೆ ಭಯ ಇನ್ನೂ ಹೆಚ್ಚು. ನಮ್ಮ ಬೇಸಿಗೆಯ ಬಿಸಿಲಿಗೆ, ಬೆವರಿಗೆ, ಒಗೆತಕ್ಕೆ ಅಂಟು ಬಹಳ ದಿನ ತಡೆಯುವುದಿಲ್ಲ. ತೋರಣಕ್ಕೆ, ಬಾಸಿಂಗಕ್ಕೆ, ಗಣಪತಿಯ ಮಂಟಪಕ್ಕೆ ಅಂಟು ನಡೆದೀತು. ಕೂಸಿನ ಬಟ್ಟೆಗೆ ನಡೆಯದು.

ಬಟ್ಟೆಯ ಮೇಲೆ ಹೊಳೆಯುವ ಬಿಲ್ಲೆ ಹೊಲಿಯುವ ಆಸೆ ಬಹಳ ಹಳೆಯದು. 1922ರಲ್ಲಿ ಈಜಿಪ್ಟಿನಲ್ಲಿ ತುತಾಂಖಾಮನ್‌ನ ಸಮಾಧಿ ತೆರೆದಾಗ ಅವನ ಉಡುಪುಗಳ ಮೇಲೆ ಚಿನ್ನದ ಪುಟ್ಟ ಬಿಲ್ಲೆಗಳಿದ್ದವು. ನಮ್ಮ ಜರತಾರಿ ಕಸೂತಿಯ ಸಿತಾರಾ ಕೂಡ ಲೋಹದ್ದೇ. ತಂತಿಯನ್ನು ಸುರುಳಿ ಸುತ್ತಿ, ಉಂಗುರಗಳಾಗಿ ಕತ್ತರಿಸಿ, ಒಂದೊಂದನ್ನೂ ತಟ್ಟಿ ಚಪ್ಪಟೆ ಮಾಡಿದ್ದು. ಅದಕ್ಕೆ ತೂಕವಿತ್ತು, ಕಾಲಕ್ಕೆ ಕಪ್ಪಾದರೂ ಉದುರುತ್ತಿರಲಿಲ್ಲ. 1930ರ ದಶಕದಲ್ಲಿ ಪಶ್ಚಿಮದಲ್ಲಿ ಜಿಲೆಟಿನ್ ಚಮಕಿ ಬಂತು. ಹಗುರವೇನೋ ಹೌದು, ನೀರು ಬಿದ್ದರೆ ಕರಗುತ್ತಿತ್ತು. ಇಂದು ಪೇಟೆಯಲ್ಲಿ ತೂಗಿ ಕೊಡುವುದು ಬಹುಪಾಲು ಪಾಲಿಯೆಸ್ಟರ್ ಇಲ್ಲವೆ ಪಿವಿಸಿ. ಎರಡೂ ನೋಡಲು ಒಂದೇ. ಇಸ್ತ್ರಿ ತಾಗಿದಾಗ ವ್ಯತ್ಯಾಸ ತಿಳಿಯುತ್ತದೆ: ಪಿವಿಸಿ ಬೇಗ ಮೆತ್ತಗಾಗಿ ಮುದುಡುತ್ತದೆ, ಪಾಲಿಯೆಸ್ಟರ್ ಹೆಚ್ಚು ಶಾಖ ತಡೆಯುತ್ತದೆ. ಹೀಗಾಗಿ ಕೊಂಡ ಚಮಕಿಯಲ್ಲಿ ನಾಲ್ಕನ್ನು ಚಿಂದಿ ಬಟ್ಟೆಗೆ ಹೊಲಿದು, ರಾತ್ರಿಯಿಡೀ ಸೋಪಿನ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಿಳಿ ಅರಿವೆಯಿಂದ ಒರೆಸಿ, ಮೇಲೊಂದು ಕಾಗದ ಇಟ್ಟು ಇಸ್ತ್ರಿ ಮಾಡಿ ನೋಡುವುದು ಒಳ್ಳೆಯದು. ಬಣ್ಣ ಬಿಟ್ಟರೆ, ಅಂಚು ಸುರುಳಿಗಟ್ಟಿದರೆ, ಅದು ತೊಡುವ ಬಟ್ಟೆಗೆ ಬೇಡ.

ಆಕಾರಕ್ಕೂ ಬೆಳಕಿಗೂ ನಂಟಿದೆ. ಚಪ್ಪಟೆ ಚಮಕಿ ಒಂದೇ ಕೋನದಲ್ಲಿ ಕನ್ನಡಿಯಂತೆ ಝಗ್ಗೆಂದು ಸುಮ್ಮನಾಗುತ್ತದೆ. ಬಟ್ಟಲಿನ ಹಾಗೆ ತಗ್ಗಾಗಿ ಮೂಲೆ ಮುರಿದದ್ದು ಹಲವು ಕಡೆಯಿಂದ ಬೆಳಕು ಹಿಡಿದು ಮಿನುಗುತ್ತಲೇ ಇರುತ್ತದೆ. ತೂತು ಅಂಚಿನಲ್ಲಿದ್ದರೆ ತೂಗಾಡುತ್ತದೆ, ಅಷ್ಟೇ ಬೇಗ ಸಿಕ್ಕಿಕೊಳ್ಳುತ್ತದೆ ಕೂಡ. ಖಣಕ್ಕೆ ಮೂರು ಮಿಲಿಮೀಟರಿನ ಬಟ್ಟಲು ಚಮಕಿ, ನಡುವೆ ಒಂದು ಮಣಿ, ಎರಡು ಸಲ ದಾರ ಹಾಯಿಸಿ ಹಿಂದೆ ಗಂಟು. ನನ್ನ ಆಯ್ಕೆ ಇದೇ. ಒಂದೇ ದಾರದಲ್ಲಿ ಉದ್ದಕ್ಕೆ ಪೋಣಿಸಿದ ಪಟ್ಟಿಯನ್ನು ಕತ್ತರಿಸಿ ಹಚ್ಚಿದರೆ ಕೆಲಸ ಬೇಗ ಮುಗಿಯುತ್ತದೆ. ಒಂದು ಕಡೆ ದಾರ ಹರಿದರೆ ಸಾಲು ಪೂರ್ತಿ ಉದುರುತ್ತದೆ.

ಧಾರಾಳವಾಗಿ ಚಮಕಿ ಸಲ್ಲುವ ಜಾಗವೂ ಇದೆ. ಶ್ರೀಕೃಷ್ಣ ಪಾರಿಜಾತ ಇಡೀ ರಾತ್ರಿ ನಡೆಯುವ ಆಟ. ಪಂಜಿನ, ಆಮೇಲೆ ಗ್ಯಾಸ್‌ಬತ್ತಿಯ ಬೆಳಕಿನಲ್ಲಿ, ದೂರ ಕೂತ ಜನರಿಗೆ ಸತ್ಯಭಾಮೆಯ ಬಿಂಕ ಮುಟ್ಟಬೇಕು. ಅಲ್ಲಿ ಅಗಲವಾದ ಚಪ್ಪಟೆ ಚಮಕಿಯೇ ಸರಿ. ಆಕೆ ಹೆಜ್ಜೆ ತಿರುಗಿಸಿದಾಗ ಒಮ್ಮೆಗೇ ಮಿಂಚಿ ಆರುವುದು ಅಭಿನಯಕ್ಕೆ ಕೂಡಿಬರುತ್ತದೆ. ಕಾರಹುಣ್ಣಿಮೆಯ ಎತ್ತಿನ ಜೂಲಕ್ಕೂ ಹಾಗೆಯೇ. ಬಯಲು, ಧೂಳು, ಇಳಿಬಿಸಿಲು. ಸಣ್ಣದು ಅಲ್ಲಿ ಕಾಣುವುದೇ ಇಲ್ಲ.

ತಾಂಡಾದ ಹೆಣ್ಣುಮಕ್ಕಳ ಕೈಕೆಲಸ ಇಲ್ಲಿ ನೆನಪಾಗುತ್ತದೆ. ಲಂಬಾಣಿ ಕಾಂಚಳಿ, ಫೇಟಿಯಾಗಳ ಮೇಲಿನ ಕನ್ನಡಿಗೆ ತೂತಿಲ್ಲ. ಸುತ್ತ ದಾರದ ಚೌಕಟ್ಟು ಕಟ್ಟಿ ಅದರೊಳಗೆ ಕನ್ನಡಿಯನ್ನು ಹಿಡಿದಿಡುತ್ತಾರೆ. ಹೊಳಪಿಗಿಂತ ದಾರದ ಕೆಲಸವೇ ಹೆಚ್ಚು ಕಾಣುವುದರಿಂದ ಅದಕ್ಕೆ ಅಷ್ಟು ಗಾಂಭೀರ್ಯ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಚಮಕಿ ಹಚ್ಚುವವರು ಕಲಿಯಬೇಕಾದ ಪಾಠ ಆ ಚೌಕಟ್ಟಿನಲ್ಲಿದೆ.

ನನಗೆ ನಿಜಕ್ಕೂ ನೋವಾಗುವುದು ಇಳಕಲ್ ಮಾದರಿಯ ಸೀರೆಗಳ ವಿಷಯದಲ್ಲಿ. ಮಗ್ಗದ ಊರಾದ ರಬಕವಿ-ಬನಹಟ್ಟಿಯ ಮಂದಿಗೆ ಸೆರಗು ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕೆಂಪು ಸೆರಗಿನ ಮೇಲೆ ಬಿಳಿಯ ತೋಪು ತೆನಿ ಮೂಡಿದಾಗ ಅಲ್ಲಿ ಸೇರಿಸಲು ಏನೂ ಉಳಿದಿರುವುದಿಲ್ಲ. ಅದರ ಮೇಲೆ ಕಂಪ್ಯೂಟರ್ ಕಸೂತಿ ಯಂತ್ರದಿಂದ ಬಳ್ಳಿಬಳ್ಳಿಯಾಗಿ ಚಮಕಿ ಹೊಡೆಸಿದರೆ ನೇಯ್ಗೆ ಮರೆಯಾಗುತ್ತದೆ, ಹಿಂದೆ ಹಚ್ಚಿದ ಗಟ್ಟಿ ಅರಿವೆಯಿಂದ ಸೆರಗು ಬಿರುಸಾಗುತ್ತದೆ, ಮಡಿಕೆ ಕೂಡುವುದಿಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂದು ಎಳೆ ಎಣಿಸಿ ಹಾಕುವ ಕಸೂತಿಯ ನಡುವೆ ಚಮಕಿ ತೂರಿಸುವುದೂ ಅಷ್ಟೇ ತಪ್ಪು. ಹಿಂದೆ ಮುಂದೆ ಒಂದೇ ರೀತಿ ಕಾಣಬೇಕೆಂದು ಗಂಟಿಲ್ಲದೆ ಹಾಕಿದ ಗವಂತಿಯ ಬೆನ್ನ ಮೇಲೆ ಚಮಕಿಯ ಗಂಟುಗಳು ಎದ್ದು ನಿಲ್ಲುತ್ತವೆ. ಮುಂದೆ ಆ ಸೀರೆ ಹಳತಾಗಿ ಕೌದಿಗೆ ಬಂದಾಗಲೂ ತೊಂದರೆ ತಪ್ಪಿದ್ದಲ್ಲ. ಚಮಕಿ ಬಿಚ್ಚದೆ ಸೂಜಿ ಓಡುವುದಿಲ್ಲ.

ಆದ್ದರಿಂದ ಚಮಕಿ ಕೊಳ್ಳಲು ಹೋಗುವಾಗ ಹೊಲಿಯಬೇಕಾದ ಬಟ್ಟೆಯನ್ನು ಜೊತೆಗೆ ಒಯ್ಯಿರಿ. ಅಂಗಡಿಯ ದೀಪದ ಕೆಳಗೆ ತೀರ್ಮಾನಿಸದೆ ಬಾಗಿಲಿಗೆ ಬಂದು ಹಗಲಿನಲ್ಲಿ ಬಟ್ಟೆಯ ಮೇಲಿಟ್ಟು ನೋಡಿರಿ. ನೇಯ್ದವರ ಕೆಲಸ ಮರೆಯಾಗುವಂತಿದ್ದರೆ ಕೊಳ್ಳದೆ ಬನ್ನಿರಿ. ಕೂಸಿಗೆ ಹೊಲಿಯುವವರಲ್ಲಿ ಇನ್ನೂ ಒಂದು ಕೋರಿಕೆ: ಕುಂಚಿಗೆಯ ಮುಖದಂಚನ್ನು ಬರಿದಾಗಿಯೇ ಬಿಡಿ.