ಮೃದಂಗದ ಕರಣೆ ಮತ್ತು ರೆಕಾರ್ಡ್ ಪುಸ್ತಕದ ಚಿತ್ರ

ಬೆಂಗಳೂರಿನ ಹೊಸ ತಿಪ್ಪಸಂದ್ರಕ್ಕೆ ಹೊಂದಿಕೊಂಡ ಬಡಾವಣೆಗೆ ಸರ್ ಸಿ.ವಿ. ರಾಮನ್ ಅವರ ಹೆಸರಿದೆ. ವಿಮಾನ ಕಾರ್ಖಾನೆ, ರಕ್ಷಣಾ ಪ್ರಯೋಗಾಲಯಗಳು, ಸಾಫ್ಟ್‌ವೇರ್ ಕಂಪನಿಗಳ ನಡುವಿನ ಈ ಪ್ರದೇಶದಲ್ಲಿ ಮಕ್ಕಳನ್ನು ಎಂಜಿನಿಯರ್ ಮಾಡಬೇಕೆಂಬ ಆಸೆ ಸಹಜ. ಹತ್ತನೆಯ ತರಗತಿ ಬಂದೊಡನೆ ಸಂಗೀತ, ಚಿತ್ರಕಲೆಯ ಪಾಠ ಬಿಡಿಸುವುದು ನಮ್ಮ ಎಲ್ಲ ಊರುಗಳಲ್ಲೂ ಕಾಣುವ ರೂಢಿ. ಆದರೆ ಬೆಳಕಿನ ಚದರಿಕೆಗಾಗಿ 1930ರಲ್ಲಿ ನೊಬೆಲ್ ಪಡೆದ ಈ ರಾಮನ್ ಮೃದಂಗ, ತಬಲಗಳ ಮೇಲೂ ಸಂಶೋಧನೆ ನಡೆಸಿದ್ದರೆಂಬುದು ನಿಮಗೆ ಗೊತ್ತೆ?

ಸಾಧಾರಣ ಡೋಲಿನ ಚರ್ಮವನ್ನು ಬಡಿದಾಗ ಮೂಲ ಸ್ವರದೊಡನೆ ಹುಟ್ಟುವ ಮೇಲ್ಸ್ವರಗಳ ಆವೃತ್ತಿಗಳು ಅದರ 1.59, 2.14, 2.30 ಪಟ್ಟು ಇರುತ್ತವೆ. ಇವು ಪೂರ್ಣಾಂಕಗಳಲ್ಲ, ಹಾಗಾಗಿ ಕೇಳಿಸುವುದು ಸದ್ದು, ಸ್ವರವಲ್ಲ. ಮೃದಂಗದ ಬಲಮುಖದ ಮಧ್ಯೆ ಹಚ್ಚುವ ಕಪ್ಪು ಕರಣೆ ಚರ್ಮದ ಆ ಭಾಗವನ್ನು ಭಾರವಾಗಿಸುತ್ತದೆ. ಆಗ ಮೇಲ್ಸ್ವರಗಳು ಹೆಚ್ಚುಕಡಿಮೆ 2, 3, 4, 5 ಪಟ್ಟಿಗೆ ಬಂದು ಕೂರುತ್ತವೆ. ರಾಮನ್ ಇದನ್ನು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಬಳಿಕ 1934ರಲ್ಲಿ ಇನ್ನಷ್ಟು ವಿವರವಾಗಿ ಪ್ರಕಟಿಸಿದರು. ಚರ್ಮದ ಮೇಲೆ ನಯವಾದ ಮರಳನ್ನು ಉದುರಿಸಿ, ಅದು ನಿಸ್ಪಂದ ರೇಖೆಗಳಲ್ಲಿ ಕೂಡಿ ಮೂಡಿಸುವ ಚಿತ್ರಗಳನ್ನು ದಾಖಲಿಸಿದರು.

ಗಮನಿಸಿ: ಕರಣೆಯನ್ನು ಕಂಡುಹಿಡಿದವರು ರಾಮನ್ ಅಲ್ಲ. ವಾದ್ಯ ತಯಾರಕರು ಕಿವಿಯನ್ನೇ ಅಳತೆಗೋಲಾಗಿಸಿಕೊಂಡು ಅದನ್ನು ಮೊದಲೇ ಸಾಧಿಸಿದ್ದರು. ಆ ನಾದದಲ್ಲೊಂದು ಪ್ರಶ್ನೆಯಿದೆ ಎಂದು ಗುರುತಿಸಲು ಸಂಗೀತ ಕೇಳುವ ಕಿವಿಯುಳ್ಳ ಭೌತವಿಜ್ಞಾನಿ ಬೇಕಾಯಿತು.

ಈಗ ನಮ್ಮ ತರಗತಿಗಳತ್ತ ನೋಡೋಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲೆಯನ್ನು ಇತರ ವಿಷಯಗಳೊಡನೆ ಬೆಸೆಯಬೇಕೆಂದೂ ಎಂಜಿನಿಯರಿಂಗ್ ಸಂಸ್ಥೆಗಳಲ್ಲಿ ಕಲೆ, ಮಾನವಿಕಗಳಿಗೆ ಹೆಚ್ಚು ಸ್ಥಾನ ಸಿಗಬೇಕೆಂದೂ ಹೇಳುತ್ತದೆ. ಸರಿಯೇ. ಆದರೆ ಬೆಸುಗೆ ಎಂದರೆ ಥರ್ಮೋಕೋಲಿನ ಮಾದರಿ, ಬಣ್ಣದ ಚಾರ್ಟು ಎಂದಾದರೆ ಕಲೆ ವಿಜ್ಞಾನಕ್ಕೆ ಹಚ್ಚಿದ ಸುಣ್ಣಬಣ್ಣವಾಗುತ್ತದೆ, ಅಷ್ಟೆ. ಇತ್ತ, ವಿಜ್ಞಾನದೊಳಗೇ ಇರುವ ಕಲೆ ಸೊರಗುತ್ತಿದೆ. ಜೀವವಿಜ್ಞಾನದ ರೆಕಾರ್ಡ್ ಪುಸ್ತಕದಲ್ಲಿ ಎಷ್ಟು ಚಿತ್ರಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆಯಲಾಗಿದೆ? ಹಿಂದಿನ ವರ್ಷದವರ ಪುಸ್ತಕ ನೋಡಿ ಇಳಿಸಿದ ಚಿತ್ರ ಅಂದವಾಗಿದ್ದರೂ ಅಲ್ಲಿ ನೋಟವಿಲ್ಲ. ನೋಟವಿಲ್ಲದ ಮೇಲೆ ವಿಜ್ಞಾನವೂ ಇಲ್ಲ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ತಮ್ಮ ‘ಹಸುರು ಹೊನ್ನು’ ಕೃತಿಗೆ ತಾವೇ ಚಿತ್ರ ಬರೆದರು. ಎಲೆಯ ಅಂಚು, ನರಗಳ ಹರಹು ಗೆರೆಯಲ್ಲಿ ಇಳಿಯಬೇಕಾದರೆ ಮೊದಲು ಅವು ಕಣ್ಣಿಗೆ ಬಿದ್ದಿರಬೇಕು.

ಕಲೆ ಕಲಿತರೆ ವಿಜ್ಞಾನದಲ್ಲಿ ಅಂಕ ಏರುತ್ತದೆ ಎಂಬ ಭರವಸೆಯನ್ನು ಕೊಡಬೇಕಾಗಿಲ್ಲ. ಕಲೆಗೆ ಅದರದೇ ಬೆಲೆಯಿದೆ. ಅದು ಕಲಿಸುವ ತಾಳ್ಮೆಯ ನೋಟ ಮತ್ತು ಆಲಿಸುವಿಕೆ ವಿಜ್ಞಾನಕ್ಕೂ ಬೇಕು ಎಂಬುದಷ್ಟೇ ಇಲ್ಲಿನ ವಾದ.

ಪಠ್ಯ ಮುಗಿಸಲೇ ಸಮಯವಿಲ್ಲ ಎನ್ನುವ ಶಿಕ್ಷಕರ ಕಷ್ಟ ನಿಜವಾದದ್ದೇ. ಇದಕ್ಕೆ ಹೊಸ ಪಿರಿಯಡ್ ಬೇಡ. ಧ್ವನಿಯ ಪಾಠದ ದಿನ ಒಂದು ಮೃದಂಗ ತರಿಸಿ. ನುಡಿಸಬಲ್ಲ ವಿದ್ಯಾರ್ಥಿ ನಿಮ್ಮ ಶಾಲೆಯಲ್ಲೇ ಇರಬಹುದು. ರೆಕಾರ್ಡಿನಲ್ಲಿ ಅಂದಕ್ಕಿಂತ, ಕಂಡದ್ದನ್ನು ಕಂಡಂತೆ ಬರೆದ ಸೊಟ್ಟ ಗೆರೆಗೆ ಹೆಚ್ಚು ಅಂಕ ಕೊಡಿ. ವಿದ್ಯಾರ್ಥಿಗಳೇ, ನೀವು ಕಲಿಯುತ್ತಿರುವ ವಾದ್ಯವನ್ನು ಪರೀಕ್ಷೆಯ ನೆಪದಲ್ಲಿ ಅಟ್ಟಕ್ಕೇರಿಸಬೇಡಿ. ನಿಮ್ಮ ಮುಂದಿನ ಪ್ರಶ್ನೆ ಅದರಲ್ಲೇ ಅಡಗಿರಬಹುದು.