ರೂಪಣಾತ್ಮಕ ಮೌಲ್ಯಮಾಪನ ಮತ್ತು ಶಿಕ್ಷಕರ ವೃತ್ತಿವಿಕಾಸ: ಒಂದು ಜಾನಪದೀಯ ವಿಮರ್ಶೆ

ಶಾಲಾ ಶಿಕ್ಷಣವನ್ನು ಕುರಿತ ಸಂಶೋಧನೆಗಳಲ್ಲಿ ‘ರೂಪಣಾತ್ಮಕ ಮೌಲ್ಯಮಾಪನ’ ಎಂಬ ಪರಿಭಾಷೆ ಇಂದು ಮತ್ತೆ ಮತ್ತೆ ಎದುರಾಗುತ್ತದೆ. 1967ರಲ್ಲಿ ಮೈಕೆಲ್ ಸ್ಕ್ರಿವೆನ್ ಅವರು ಪಠ್ಯಕ್ರಮದ ಪರಿಶೀಲನೆಗೆ ಬಳಸಿದ ಈ ಪದವನ್ನು ಬೆಂಜಮಿನ್ ಬ್ಲೂಮ್ ಅವರು ವಿದ್ಯಾರ್ಥಿಗಳ ಕಲಿಕೆಗೆ ಅನ್ವಯಿಸಿದರು. 1998ರಲ್ಲಿ ಪ್ರಕಟವಾದ ಪಾಲ್ ಬ್ಲ್ಯಾಕ್ ಮತ್ತು ಡೈಲನ್ ವಿಲಿಯಂ ಅವರ ಸಮೀಕ್ಷಾ ಪ್ರಬಂಧ ಅದಕ್ಕೆ ಜಾಗತಿಕ ಮನ್ನಣೆ ತಂದಿತು. ಕಲಿಕೆ ಮುಗಿದ ಮೇಲೆ ಅಳೆಯುವುದು ಬೇರೆ, ಕಲಿಕೆ ನಡೆಯುತ್ತಿರುವಾಗಲೇ ತಿದ್ದುವುದು ಬೇರೆ ಎಂಬುದೇ ಇದರ ತಿರುಳು. ಈ ಪರಿಕಲ್ಪನೆ ನಮ್ಮ ಶಾಲೆಗಳಲ್ಲಿ ಪಡೆದ ರೂಪವನ್ನು ನ್ಯಾಮತಿ ಪರಿಸರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕರ್ನಾಟಕಕ್ಕೆ ಈ ಚಿಂತನೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬುದೇ ಮೌಲ್ಯಮಾಪನವಾಗಿತ್ತು. ಆಂಧ್ರಪ್ರದೇಶದ ಋಷಿವ್ಯಾಲಿಯ ಪ್ರಯೋಗವನ್ನು ಕಂಡು ಬಂದ ಶಿಕ್ಷಕರು ಕಾರ್ಡುಗಳನ್ನು ತಾವೇ ರೂಪಿಸಿದರು. ರೂಪಿಸುವ ಆ ಕೆಲಸವೇ ಅವರಿಗೆ ತರಬೇತಿಯಾಯಿತು. 2009-10ರಲ್ಲಿ ಪದ್ಧತಿ ರಾಜ್ಯವ್ಯಾಪಿಯಾದಾಗ ಕಾರ್ಡುಗಳು ಎಲ್ಲೆಡೆ ತಲುಪಿದವು. ಅವುಗಳನ್ನು ಹುಟ್ಟುಹಾಕಿದ ಅನುಭವ ತಲುಪಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಂ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿತು. ಅದರ ಅನುಷ್ಠಾನದಲ್ಲಿ ಶಾಲಾವರ್ಷವನ್ನು ನಾಲ್ಕು ರೂಪಣಾತ್ಮಕ ಹಾಗೂ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಾಗಿ ವಿಂಗಡಿಸಲಾಯಿತು. ದಿನನಿತ್ಯ ನಡೆಯಬೇಕಾದುದು ಹೀಗೆ ವರ್ಷಕ್ಕೆ ನಾಲ್ಕು ಕಂತುಗಳ ಅಂಕವಹಿಯಾಯಿತು. ರೂತ್ ಬಟ್ಲರ್ ಅವರ 1988ರ ಅಧ್ಯಯನ ಇಲ್ಲಿ ಉಲ್ಲೇಖನೀಯ. ಬರಿಯ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಟಿಪ್ಪಣಿಯೊಡನೆ ಅಂಕವನ್ನೂ ಪಡೆದವರಲ್ಲಿ ಆ ಪ್ರಯೋಜನ ಕಾಣಲಿಲ್ಲ. ಅಂಕವು ತಿದ್ದುಪಡಿಯ ಮಾತನ್ನು ನುಂಗಿಬಿಡುತ್ತದೆ ಎಂದಾಯಿತು.

ತಿದ್ದಬೇಕಾದರೆ ಮೊದಲು ಮಗುವಿನ ಮಾತನ್ನು ಅರಿಯಬೇಕು. ಹಿಂದೆ ಹೊನ್ನಾಳಿಗೆ ಸೇರಿದ್ದು ಅನಂತರ ಪ್ರತ್ಯೇಕ ತಾಲ್ಲೂಕಾದ ನ್ಯಾಮತಿಯಲ್ಲಿ ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪವಿದೆ. ಲಂಬಾಣಿ ತಾಂಡಾಗಳೂ ಇವೆ. ತಾಂಡಾದ ಮಗುವಿನ ಮನೆಮಾತು ಇಂಡೋ-ಆರ್ಯನ್ ಬಳಗದ್ದು, ಶಾಲೆಯ ಮಾತು ದ್ರಾವಿಡದ್ದು. ಲಂಬಾಣಿಯಲ್ಲಿ ನಾಮಪದಗಳು ಪುಲ್ಲಿಂಗ, ಸ್ತ್ರೀಲಿಂಗಗಳೆಂದು ಎರಡೇ ಬಗೆ. ಕನ್ನಡದ ನಪುಂಸಕ ಅಲ್ಲಿಲ್ಲ. ಆ ಮಗು ‘ಎತ್ತು ಬಂದನು’ ಎಂದು ಬರೆದರೆ ಅದು ಅಜ್ಞಾನವಲ್ಲ, ಇನ್ನೊಂದು ವ್ಯಾಕರಣದ ಶಿಸ್ತು. ಅಂಕವಹಿಗೆ ಅದು ಕಳೆದುಹೋದ ಒಂದು ಅಂಕ ಮಾತ್ರ. ಬಲ್ಲ ಶಿಕ್ಷಕರಿಗೆ ಮುಂದಿನ ಪಾಠದ ಆರಂಭ.

ಜನಪದ ಕಲಿಕೆ ಈ ತತ್ತ್ವವನ್ನು ಬಹುಕಾಲದಿಂದ ಬಲ್ಲದು. ಡೊಳ್ಳುಕುಣಿತದ ಅಭ್ಯಾಸದಲ್ಲಿ ಹೆಜ್ಜೆ ತಪ್ಪಿದವನಿಗೆ ಆ ಕ್ಷಣದಲ್ಲೇ ತಿದ್ದುಪಡಿ ದೊರೆಯುತ್ತದೆ. ಕಸೂತಿ ಕಲಿಯುವ ಹುಡುಗಿಯ ತಪ್ಪು ಹೊಲಿಗೆಯನ್ನು ಹಿರಿಯಳು ಬಿಚ್ಚಿ ಮತ್ತೆ ಹಾಕಿಸುತ್ತಾಳೆ. ಒಗಟು ಒಡೆಯಲಾಗದವರಿಗೆ ಸುಳಿವು ಕೊಡುವುದು ಸಹ ಇದೇ ಬಗೆಯದು. ಆದರೆ ಜನಪದವನ್ನು ಆದರ್ಶೀಕರಿಸಲಾಗದು. ಜಾತಿ ಮತ್ತು ಲಿಂಗದ ಗೆರೆಗಳು ಆ ಕಲಿಕೆಯ ಬಾಗಿಲನ್ನು ಅನೇಕರಿಗೆ ಮುಚ್ಚಿದ್ದವು. ಎಲ್ಲರಿಗೂ ಬಾಗಿಲು ತೆರೆದ ಶಾಲೆಯು ತಿದ್ದುವ ಈ ಕ್ರಮವನ್ನಷ್ಟೇ ಅದರಿಂದ ಪಡೆದರೆ ಸಾಕು.

ಇಲ್ಲಿಯೇ ಶಿಕ್ಷಕರ ವೃತ್ತಿವಿಕಾಸದ ಪ್ರಶ್ನೆ ಬರುತ್ತದೆ. ರಾಜ್ಯಮಟ್ಟದಲ್ಲಿ ರೂಪುಗೊಂಡ ತರಬೇತಿ ಹಂತಹಂತವಾಗಿ ಕೆಳಗಿಳಿಯುವಾಗ ನಮೂನೆ ತುಂಬುವ ಸೂಚನೆಗಳಷ್ಟೇ ಉಳಿಯುವ ಅಪಾಯವಿದೆ. 2017ರಲ್ಲಿ ಆರಂಭವಾದ ‘ಗುರುಚೇತನ’ ಕಾರ್ಯಕ್ರಮವು ವಿಷಯದ ಆಯ್ಕೆಯನ್ನು ಶಿಕ್ಷಕರಿಗೇ ಬಿಟ್ಟುದು ಸರಿಯಾದ ಹೆಜ್ಜೆ. ಅದು ಪೂರ್ಣವಾಗಬೇಕಾದರೆ ಸಮೂಹ ಸಂಪನ್ಮೂಲ ಕೇಂದ್ರಗಳ ಸಭೆಗಳಲ್ಲಿ ಸುತ್ತೋಲೆಗಳ ಬದಲು ಮಕ್ಕಳ ಬರಹಗಳೇ ಚರ್ಚೆಯ ವಸ್ತುವಾಗಬೇಕು. ತಮ್ಮ ಮಕ್ಕಳ ತಪ್ಪುಗಳು, ಕಥೆಗಳು, ಒಗಟುಗಳನ್ನು ಸಂಗ್ರಹಿಸಿ ವಿಶ್ಲೇಷಿಸುವ ಶಿಕ್ಷಕರು ಕ್ಷೇತ್ರಕಾರ್ಯಕರ್ತರೂ ಆಗುತ್ತಾರೆ. ಜಾನಪದ ಅಧ್ಯಯನವು ಶಿಕ್ಷಣ ಕ್ಷೇತ್ರಕ್ಕೆ ಕೊಡಬಹುದಾದುದು ಹಾಡು-ಕುಣಿತಗಳ ಅಲಂಕಾರವನ್ನಲ್ಲ, ಕಿವಿಗೊಡುವ ಈ ವಿಧಾನವನ್ನು.